ತಿತಿಕ್ಷೆಗೂ ಒಂದು ಎಲ್ಲೆಯುಂಟೇ?

ದುಃಖ ಬಂದಾಗ ಸಹಿಸಬೇಕೆಂಬುದು ಹಿರಿಯರು ನಮಗೆ ಕಲಿಸಿದ ಮೊದಲ ಪಾಠಗಳಲ್ಲೊಂದು. ಶೀತೋಷ್ಣಗಳು, ಸುಖದುಃಖಗಳು, ಲಾಭನಷ್ಟಗಳು ಬರುತ್ತವೆ, ಹೋಗುತ್ತವೆ. ಅವುಗಳ ನಡುವೆ ಕದಲದೆ ತನ್ನ ಕರ್ತವ್ಯದಲ್ಲಿ ನಿಲ್ಲುವ ಗುಣಕ್ಕೆ ಶಾಸ್ತ್ರಗಳು ‘ತಿತಿಕ್ಷೆ’ ಎಂಬ ಹೆಸರನ್ನಿತ್ತಿವೆ. ಊರು ಬಿಟ್ಟು ಮುಂಬಯಿಗೆ ಬಂದ ಕನ್ನಡಿಗರ ಬಾಳು ಬಹುಮಟ್ಟಿಗೆ ಈ ಗುಣದ ಮೇಲೆಯೇ ನಿಂತಿತು. ಹಗಲೆಲ್ಲ ಹೋಟೆಲಿನಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಅಕ್ಷರ ಕಲಿತವರು, ಒಂದೇ ಖೋಲಿಯಲ್ಲಿ ಹಲವರೊಡನೆ ಸರದಿಯಂತೆ ಮಲಗಿ ಊರಿಗೆ ತಪ್ಪದೆ ಹಣ ಕಳುಹಿಸಿದವರು, ಲೋಕಲ್ ರೈಲಿನಲ್ಲಿ ನಿಂತೇ ಮೂವತ್ತು ವರ್ಷ ನೌಕರಿ ಮಾಡಿ ಮಕ್ಕಳನ್ನು ಓದಿಸಿದವರು, ಇವರೆಲ್ಲ ಸಹಿಸಿದ್ದರಿಂದಲೇ ಇಂದು ವಿಲೆ ಪಾರ್ಲೆ, ಅಂಧೇರಿ, ಸಾಂತಾಕ್ರೂಜ್‌ಗಳಲ್ಲಿ ನಮ್ಮವರ ಮನೆಗಳು ನೆಲೆನಿಂತಿವೆ. ಆದಕಾರಣ ಸಹನೆಯನ್ನು ಹಗುರವಾಗಿ ಕಾಣುವ ಉದ್ದೇಶ ಈ ಲೇಖನಕ್ಕಿಲ್ಲ.

ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಹೀಗೆ ಸಹಿಸುತ್ತಲೇ ಬಂದ ಗೃಹಸ್ಥನೊಬ್ಬನಿಗೆ ತಿಂಗಳುಗಟ್ಟಲೆ ನಿದ್ರೆಯಿಲ್ಲ, ಎದೆ ಬಡಿದುಕೊಳ್ಳುತ್ತದೆ, ಮನೆಯವರ ಮೇಲೆ ಕಾರಣವಿಲ್ಲದೆ ಸಿಡುಕು, ದೇವರ ಮುಂದೆ ಕುಳಿತರೂ ಮನಸ್ಸು ಶೂನ್ಯ. ಅವನು ಇನ್ನೂ ಸಹಿಸಬೇಕೆ? ಅಥವಾ ಆಪ್ತಸಮಾಲೋಚಕರ, ಮನೋವೈದ್ಯರ ಬಳಿಗೆ ಹೋಗಬೇಕೆ? ಹೋದರೆ ಅದು ಧೈರ್ಯಹೀನತೆಯೆ? ದೇವರಲ್ಲಿ ನಂಬಿಕೆ ಕಡಮೆಯಾದುದರ ಕುರುಹೆ? ಈ ಪ್ರಶ್ನೆಗೆ ಸರಿಯಾದ ಉತ್ತರ ಸಿಗದೆ ಹೋದುದರಿಂದಲೇ ಅನೇಕ ಆಸ್ತಿಕ ಕುಟುಂಬಗಳಲ್ಲಿ ವರ್ಷಗಳ ಕಾಲ ಮೌನವಾಗಿ ನೋವು ಬೆಳೆಯುತ್ತದೆ. ಆದ್ದರಿಂದ ಇದನ್ನು ಸ್ವಲ್ಪ ನಿಧಾನವಾಗಿ ವಿಚಾರಿಸೋಣ.

ಸಹನೆಯ ಪ್ರಯೋಜನವೇನು?

ಮೊದಲು ತಿತಿಕ್ಷೆಯ ಸ್ವರೂಪವನ್ನು ತಿಳಿಯಬೇಕು. ಸಹನೆಯೇ ಒಂದು ಗುರಿಯಲ್ಲ. ಕರ್ತವ್ಯವನ್ನು ಬಿಡದಿರುವುದಕ್ಕೆ ಅದೊಂದು ಸಾಧನ. ಭಾರವನ್ನು ಹೊತ್ತು ಮುಂದೆ ನಡೆಯುವುದು ತಿತಿಕ್ಷೆ. ಭಾರದ ಅಡಿಯಲ್ಲಿ ಕುಸಿದು ಬಿದ್ದಿರುವುದಕ್ಕೆ ಆ ಹೆಸರು ಸಲ್ಲದು. ಹಾಗಿದ್ದಲ್ಲಿ ಎಲ್ಲೆಯನ್ನು ಗುರುತಿಸುವ ಬಗೆಯೂ ಸ್ಪಷ್ಟವಾಗುತ್ತದೆ. ಕಷ್ಟ ಎಷ್ಟು ದೊಡ್ಡದೆಂಬುದನ್ನು ಅಳೆದು ಪ್ರಯೋಜನವಿಲ್ಲ. ಒಬ್ಬನಿಗೆ ಬೆಟ್ಟವಾದುದು ಮತ್ತೊಬ್ಬನಿಗೆ ಹುಲ್ಲುಕಡ್ಡಿಯಾದೀತು. ಆ ಕಷ್ಟವು ನಮ್ಮಿಂದ ಏನನ್ನು ಕಸಿದುಕೊಂಡಿದೆ ಎಂಬುದನ್ನು ನೋಡಬೇಕು. ಹೊರುವ ಶಕ್ತಿಯನ್ನೇ ಅದು ಕಸಿದುಕೊಳ್ಳಲು ತೊಡಗಿದ್ದರೆ, ಇನ್ನಷ್ಟು ಸಹಿಸು ಎಂಬ ಉಪದೇಶಕ್ಕೆ ಅರ್ಥವಿಲ್ಲ. ಸಹಿಸಬೇಕಾದ ಉಪಕರಣವೇ ಆಗ ಪೆಟ್ಟುತಿಂದಿರುತ್ತದೆ.

ಸಾಮಾನ್ಯವಾದ ಒತ್ತಡಕ್ಕೆ ಒಂದು ಕಾರಣವಿರುತ್ತದೆ, ಒಂದು ಕೊನೆಯೂ ಇರುತ್ತದೆ. ಮಗನ ಹನ್ನೆರಡನೆಯ ತರಗತಿಯ ಪರೀಕ್ಷೆ, ಬ್ಯಾಂಕಿನಲ್ಲಿ ಲೆಕ್ಕತಪಾಸಣೆ, ಮಗಳ ಮದುವೆ, ಕಟ್ಟಡದ ಪುನರ್ನಿರ್ಮಾಣಕ್ಕಾಗಿ ಮನೆ ಖಾಲಿ ಮಾಡಬೇಕಾದ ಗಡಿಬಿಡಿ, ಇವು ನಿದ್ರೆಗೆಡಿಸುವುದು ಸಹಜ. ಕಾರಣ ಕಳೆದ ಮೇಲೆ ಮನಸ್ಸು ತನ್ನ ನೆಲೆಗೆ ಮರಳುತ್ತದೆ. ಬಂಧುವಿಯೋಗದ ಶೋಕವೂ ಅಲೆಯಲೆಯಾಗಿ ಬಂದು ನಿಧಾನವಾಗಿ ಇಳಿಯುವಂತಹುದು, ಅದನ್ನು ರೋಗವೆನ್ನಲಾಗದು. ಕಾರಣ ಹೋದರೂ ಹೋಗದಿರುವುದು, ಅಥವಾ ಕಾರಣವೇ ತೋರದೆ ಬಂದು ನೆಲೆಸುವುದು, ಇಂತಹ ಒತ್ತಡವನ್ನು ಕುರಿತೇ ಎಚ್ಚರ ಬೇಕು.

ಗುರುತಿಸಬೇಕಾದ ಲಕ್ಷಣಗಳು

ಮೊದಲನೆಯದು ಕಾಲ. ಕುಗ್ಗಿದ ಮನಃಸ್ಥಿತಿ ದಿನದ ಬಹುಭಾಗ, ಬಹುತೇಕ ಪ್ರತಿದಿನ, ಎರಡು ವಾರಗಳನ್ನು ಮೀರಿ ಮುಂದುವರಿದರೆ ವೈದ್ಯರು ಅದನ್ನು ಖಿನ್ನತೆಯ ದೃಷ್ಟಿಯಿಂದ ಪರೀಕ್ಷಿಸುತ್ತಾರೆ. ಎರಡನೆಯದು ನಿದ್ರೆ. ಬ್ರಾಹ್ಮೀ ಮುಹೂರ್ತದಲ್ಲಿ ತಾನಾಗಿ ಎದ್ದು ಜಪಕ್ಕೆ ಕೂರುವವನ ಎಚ್ಚರ ಬೇರೆ. ಮೂರು ಗಂಟೆಗೆ ಎದೆ ಝಲ್ಲೆಂದು ಎದ್ದು ಬೆಳಗಿನವರೆಗೆ ಅದೇ ಚಿಂತೆಯನ್ನು ಅರೆಯುತ್ತ ಮಲಗಿರುವವನ ಎಚ್ಚರ ಬೇರೆ. ಮೂರನೆಯದು ರುಚಿ. ಊಟದ ರುಚಿ ಮಾತ್ರವಲ್ಲ. ಒಮ್ಮೆ ಪ್ರಿಯವಾಗಿದ್ದ ಸಂಗೀತ, ಮೊಮ್ಮಗುವಿನ ಮಾತು, ಊರಿನಿಂದ ಬಂದ ಫೋನು, ಪೂಜೆಯ ಹೊತ್ತು, ಯಾವುದೂ ಒಳಗೆ ಇಳಿಯುವುದಿಲ್ಲ. ಸಂಧ್ಯಾವಂದನೆ ನಡೆಯುತ್ತದೆ, ತುಟಿಗಳು ಮಾತ್ರ ಆಡುತ್ತವೆ.

ನಾಲ್ಕನೆಯದು ಕಾರ್ಯಶಕ್ತಿ. ಇಪ್ಪತ್ತು ವರ್ಷ ತಪ್ಪಿಲ್ಲದೆ ಲೆಕ್ಕ ಬರೆದವನು ಕೂಡಿಸುವುದರಲ್ಲಿ ತಪ್ಪುತ್ತಾನೆ; ಇಳಿಯಬೇಕಾದ ಸ್ಟೇಷನ್ ಬಂದುದು ತಿಳಿಯುವುದಿಲ್ಲ; ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ಎಂದು ಗೃಹಿಣಿ ನಾಲ್ಕು ಸಲ ನೋಡುತ್ತಾಳೆ. ಐದನೆಯದು ಸಂಬಂಧ. ಸ್ನೇಹಿತರ ಫೋನನ್ನು ಎತ್ತುವುದಿಲ್ಲ, ಸಮಾರಂಭಗಳಿಗೆ ನೆಪ ಹೇಳಿ ತಪ್ಪಿಸಿಕೊಳ್ಳುತ್ತಾರೆ, ಮಕ್ಕಳ ಮೇಲೆ ಕೈಯೆತ್ತಿದ ಮೇಲೆ ತಮಗೇ ಆಶ್ಚರ್ಯವಾಗುತ್ತದೆ. ಆರನೆಯದು ಆಸರೆ. ಮದ್ಯ, ಗುಟ್ಕಾ, ವೈದ್ಯರನ್ನು ಕೇಳದೆ ನುಂಗುವ ನಿದ್ರೆಯ ಮಾತ್ರೆ, ರಾತ್ರಿಯೆಲ್ಲ ಮೊಬೈಲಿನ ಪರದೆ, ಇವುಗಳಲ್ಲಿ ಯಾವುದಾದರೂ ಒಂದಿಲ್ಲದೆ ದಿನ ದಾಟದು ಎಂಬ ಸ್ಥಿತಿ. ಏಳನೆಯದು ಆತ್ಮನಿಂದೆ. ‘ನಾನು ಎಲ್ಲರಿಗೂ ಹೊರೆ, ನಾನಿಲ್ಲದಿದ್ದರೆ ಮನೆಯವರು ಸುಖವಾಗಿರುತ್ತಾರೆ’ ಎಂಬ ಯೋಚನೆ.

ಈ ಏಳನೆಯದು ಕಂಡರೆ ಎರಡು ವಾರ ಕಾಯುವ ಮಾತೇ ಇಲ್ಲ. ಅಂದೇ ಸಹಾಯ ಪಡೆಯಬೇಕು. ಉಳಿದವುಗಳಲ್ಲಿ ಎರಡು-ಮೂರು ಒಟ್ಟಿಗೆ ನೆಲೆಸಿ ದಿನನಿತ್ಯದ ಬದುಕನ್ನು ಕೆಡಿಸತೊಡಗಿದ್ದರೆ ತಿಳಿದವರನ್ನು ಕಾಣುವ ಕಾಲ ಬಂದಿದೆ ಎಂದೇ ತಿಳಿಯಬೇಕು.

ದೇಹದ ಬಾಯಲ್ಲಿ ಮನಸ್ಸಿನ ಮಾತು

ನಮ್ಮಲ್ಲಿ ಮನಸ್ಸಿನ ನೋವು ಅನೇಕ ವೇಳೆ ದೇಹದ ನೋವಾಗಿ ಮಾತನಾಡುತ್ತದೆ. ಇದು ಹೊಸ ಸಂಗತಿಯಲ್ಲ. ಗೀತೆಯ ಮೊದಲನೆಯ ಅಧ್ಯಾಯದಲ್ಲಿ ಅರ್ಜುನನು ತನ್ನ ವಿಷಾದವನ್ನು ನಿವೇದಿಸುವಾಗ ದೇಹದ ಅವಸ್ಥೆಯನ್ನು ಒಂದೊಂದಾಗಿ ಹೇಳುತ್ತಾನೆ: ಅವಯವಗಳು ಸೋತಿವೆ, ಬಾಯಿ ಒಣಗಿದೆ, ಮೈ ನಡುಗುತ್ತಿದೆ, ಚರ್ಮ ಸುಡುತ್ತಿದೆ, ಕೈಯಿಂದ ಗಾಂಡೀವ ಜಾರುತ್ತಿದೆ, ನಿಲ್ಲಲಾಗುತ್ತಿಲ್ಲ, ಮನಸ್ಸು ಸುತ್ತುತ್ತಿದೆ. ಎಷ್ಟೋ ಯುದ್ಧಗಳನ್ನು ಗೆದ್ದ ವೀರನ ಮಾತಿದು. ಹೇಡಿಗಳಿಗೆ ಮಾತ್ರ ಹೀಗಾಗುತ್ತದೆ ಎಂಬ ಭ್ರಮೆಗೆ ಇದಕ್ಕಿಂತ ಬೇರೆ ಉತ್ತರ ಬೇಕಿಲ್ಲ.

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಮನೋವೈದ್ಯ ಆರ್. ರಘುರಾಮ್ ಹಾಗೂ ಸಂಗಡಿಗರು 1996ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇಲ್ಲಿ ನೆನೆಯತಕ್ಕದ್ದು. ಆ ಸಂಸ್ಥೆಗೆ ಬಂದ 80 ಮಂದಿ ಹೊರರೋಗಿಗಳನ್ನು ಅವರು ವಿವರವಾಗಿ ಮಾತನಾಡಿಸಿದರು. ದುಃಖ, ಬೇಸರ, ನಿರಾಶೆ ಹೆಚ್ಚಾಗಿದ್ದವರಲ್ಲಿ ಲೋಕನಿಂದೆಯ ಅಳುಕೂ ಹೆಚ್ಚಾಗಿತ್ತು. ತಲೆನೋವು, ಮೈಕೈನೋವುಗಳಂತಹ ದೇಹದ ತೊಂದರೆ ಮುಂದಾಗಿದ್ದವರಲ್ಲಿ ಆ ಅಳುಕು ಕಡಮೆಯಾಗಿತ್ತು. ಮೈನೋವು ಯಾರಿಗಾದರೂ ಬರುವಂತಹುದು, ಅದನ್ನು ನಾಲ್ಕು ಜನರ ಮುಂದೆ ಹೇಳಬಹುದು. ಮನಸ್ಸಿನ ನೋವನ್ನು ಹೇಳಿದರೆ ಮಕ್ಕಳ ಮದುವೆಗೂ ತೊಡಕಾದೀತು ಎಂಬ ಅಂಜಿಕೆ ನಮ್ಮ ಸಮಾಜದಲ್ಲಿ ಆಳವಾಗಿದೆ. ಆದ್ದರಿಂದ ಬಾಯಿ ಮುಚ್ಚಿಕೊಂಡಿದ್ದನ್ನು ಬೆನ್ನು, ಹೊಟ್ಟೆ, ತಲೆಗಳು ಹೇಳುತ್ತವೆ.

ಹಾಗೆಂದು ದೇಹದ ಪರೀಕ್ಷೆಯನ್ನು ಬಿಡಬೇಕೆಂದಲ್ಲ. ಕಿಕ್ಕಿರಿದ ರೈಲಿನಲ್ಲಿ ಎದೆ ಹಿಡಿದಂತಾಗಿ ಬೆವರು ಸುರಿದರೆ ಮೊದಲು ಹೃದಯವನ್ನೇ ಪರೀಕ್ಷಿಸಬೇಕು. ಥೈರಾಯ್ಡ್ ಗ್ರಂಥಿಯ ಕೊರತೆ, ರಕ್ತಹೀನತೆ, ನಮ್ಮಂತಹ ಸಸ್ಯಾಹಾರಿಗಳಲ್ಲಿ ಕಾಣಸಿಗುವ ಬಿ-12 ಜೀವಸತ್ವದ ಕೊರತೆ, ಇವೂ ಮನಸ್ಸನ್ನು ಮಂಕುಗೊಳಿಸಬಲ್ಲವು. ಇವೆಲ್ಲ ಸುಲಭವಾದ ರಕ್ತಪರೀಕ್ಷೆಯಿಂದ ತಿಳಿಯುತ್ತವೆ. ಎಲ್ಲ ಪರೀಕ್ಷೆಗಳೂ ಸರಿಯಾಗಿ ಬಂದ ಮೇಲೂ ಅದೇ ತೊಂದರೆ ಮರುಕಳಿಸಿದರೆ, ಮೂರನೆಯ ಸ್ಕ್ಯಾನಿಂಗಿಗೆ ಓಡುವ ಬದಲು ಮನಸ್ಸಿನತ್ತ ನೋಡಬೇಕು.

ಮೂರು ಆಕ್ಷೇಪಗಳು

ಇಲ್ಲಿ ಆಸ್ತಿಕರು ಕೆಲವು ಆಕ್ಷೇಪಗಳನ್ನು ತರುವುದುಂಟು. ಮೊದಲನೆಯದು: ಭಗವಂತನನ್ನು ನಂಬಿದವನಿಗೆ ಮನೋರೋಗವೇಕೆ ಬಂದೀತು? ಬಂದರೆ ನಂಬಿಕೆಯಲ್ಲಿಯೇ ಕೊರತೆಯಿದೆ ಎಂದಾಗಲಿಲ್ಲವೆ?

ಇದಕ್ಕೆ ನಮ್ಮ ಸಿದ್ಧಾಂತದಲ್ಲಿಯೇ ಸಮಾಧಾನವಿದೆ. ಕಣ್ಣು, ಕಿವಿ, ಮೂಗು, ನಾಲಗೆ, ಚರ್ಮಗಳಂತೆ ಮನಸ್ಸನ್ನೂ ಆಚಾರ್ಯರು ಒಂದು ಇಂದ್ರಿಯವೆಂದೇ ಗಣಿಸಿದ್ದಾರೆ. ಅದು ಜೀವನಿಗಿಂತ ಬೇರೆಯಾದ, ಜಡವಾದ, ದೋಷಕ್ಕೆ ಒಳಗಾಗಬಲ್ಲ ಒಂದು ಕರಣ. ಕಣ್ಣಿಗೆ ಪೊರೆ ಬಂದರೆ ಭಕ್ತಿ ಸಾಲದೆಂದು ಯಾರೂ ಹೇಳುವುದಿಲ್ಲ; ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಬಂದು ಮತ್ತೆ ಪಾರಾಯಣಕ್ಕೆ ಕೂರುತ್ತೇವೆ. ಮನಸ್ಸೆಂಬ ಕರಣಕ್ಕೆ ಪೊರೆ ಬಂದಾಗ ಮಾತ್ರ ಜೀವನನ್ನೇ ಅಪರಾಧಿಯನ್ನಾಗಿ ನಿಲ್ಲಿಸುವುದು ಯಾವ ನ್ಯಾಯ? ಇಷ್ಟಕ್ಕೂ ಜೀವನು ಪರತಂತ್ರ. ಯಾರ ಸಹಾಯವೂ ಇಲ್ಲದೆ ಎಲ್ಲವನ್ನೂ ನಾನೊಬ್ಬನೇ ನಿಭಾಯಿಸಬಲ್ಲೆ ಎನ್ನುವ ಹಟದಲ್ಲಿ ಸ್ವಾತಂತ್ರ್ಯದ ಅಭಿಮಾನ ಅಡಗಿದೆ. ಕೈಚಾಚಿ ಸಹಾಯ ಕೇಳುವುದರಲ್ಲಿ ವಿನಯವಿದೆ.

ಇನ್ನೊಂದು ಸೂಕ್ಷ್ಮವೂ ಉಂಟು. ಸುಖದುಃಖಗಳ ಅನುಭವವನ್ನು ಗ್ರಹಿಸುವುದು ಸಾಕ್ಷಿ. ಆ ಗ್ರಹಿಕೆಯಲ್ಲಿ ಭ್ರಮೆಗೆ ಎಡೆಯಿಲ್ಲವೆಂಬುದು ನಮ್ಮವರ ನಿರ್ಣಯ. ಹಾಗಾದರೆ ‘ನನಗೆ ನೋವಾಗುತ್ತಿದೆ’ ಎಂದು ಒಬ್ಬನು ಹೇಳಿದಾಗ ‘ನಿನಗೇನೂ ಆಗಿಲ್ಲ, ಎಲ್ಲ ನಿನ್ನ ಕಲ್ಪನೆ’ ಎಂದು ಅಲ್ಲಗಳೆಯುವ ಅಧಿಕಾರ ಬೇರೆ ಯಾರಿಗೂ ಇಲ್ಲ. ಅದೇ ವೇಳೆ, ‘ನನಗೆ ಇನ್ನು ದಾರಿಯೇ ಇಲ್ಲ’ ಎಂಬುದು ಅನುಭವವಲ್ಲ. ಅದು ಬಳಲಿದ ಮನಸ್ಸು ಮಾಡಿದ ಊಹೆ. ಊಹೆ ತಪ್ಪಬಹುದು. ದುಃಖವಿದೆ ಎಂಬುದನ್ನು ಪೂರ್ತಿಯಾಗಿ ಒಪ್ಪಿಕೊಂಡು, ದಾರಿಯಿಲ್ಲ ಎಂಬುದನ್ನು ಪರೀಕ್ಷೆಗೆ ಒಡ್ಡುವುದು, ಒಳ್ಳೆಯ ಆಪ್ತಸಮಾಲೋಚಕನು ಮಾಡುವ ಮುಖ್ಯ ಕೆಲಸಗಳಲ್ಲಿ ಇದೂ ಒಂದು.

ಎರಡನೆಯ ಆಕ್ಷೇಪ: ಇದು ಪ್ರಾರಬ್ಧಕರ್ಮದ ಫಲ, ಅನುಭವಿಸಿಯೇ ತೀರಬೇಕು. ಸರಿ, ಆದರೆ ಜ್ವರವೂ ಪ್ರಾರಬ್ಧದಿಂದಲೇ ಬಂದುದಲ್ಲವೆ? ಅದಕ್ಕೆ ಕಷಾಯ, ಮಾತ್ರೆಗಳನ್ನು ತೆಗೆದುಕೊಳ್ಳುವಾಗ ಯಾರಿಗೂ ಕರ್ಮದ ನೆನಪಾಗುವುದಿಲ್ಲ. ವೈದ್ಯನು ಸಿಗುವುದೂ, ಔಷಧ ಹಿಡಿಯುವುದೂ ಅದೇ ಭಗವಂತನ ಸಂಕಲ್ಪದಿಂದಲೇ ಎಂದು ತಿಳಿದವನು ಪ್ರಯತ್ನವನ್ನು ಬಿಡಲಾರ.

ಮೂರನೆಯ ಆಕ್ಷೇಪ ಹೆಚ್ಚು ಬಲವಾದದ್ದು: ಮನೆಯವರು, ಹಿರಿಯರು, ಬಂಧುಗಳು ಇರುವಾಗ ಗುರುತಿಲ್ಲದ ಮೂರನೆಯವನ ಮುಂದೆ ಮನೆಯ ವಿಷಯವನ್ನು ಬಿಚ್ಚಿಡುವುದೇಕೆ?

ಇಲ್ಲಿ ಮಹಾಭಾರತದ ಶಾಂತಿಪರ್ವದ ಆರಂಭವನ್ನು ನೆನೆಯಬೇಕು. ಯುದ್ಧ ಮುಗಿದಿದೆ, ಜಯ ಕೈಸೇರಿದೆ. ಧರ್ಮರಾಜನಿಗೆ ಮಾತ್ರ ಅದು ಬೇಡವಾಗಿದೆ. ಬಂಧುವಧೆಯ ಪಾಪವೆಲ್ಲ ತನ್ನದೇ ಎಂದು ಕೊರಗುತ್ತಾನೆ. ರಾಜ್ಯ ಬೇಡ, ಕಾಡಿಗೆ ಹೋಗುತ್ತೇನೆ ಎನ್ನುತ್ತಾನೆ. ಅರ್ಜುನನು ಅರ್ಥನೀತಿಯನ್ನು ಹೇಳುತ್ತಾನೆ, ಭೀಮನು ಗದರುತ್ತಾನೆ, ನಕುಲ ಸಹದೇವರು ಬೇಡಿಕೊಳ್ಳುತ್ತಾರೆ, ದ್ರೌಪದಿ ಕಟುವಾಗಿ ನುಡಿಯುತ್ತಾಳೆ. ಇವರಿಗಿಂತ ಪ್ರೀತಿಯುಳ್ಳ ಬಂಧುಗಳು ಯಾರಿಗಿದ್ದಾರು? ಆದರೂ ಆ ಮಾತುಗಳಿಂದ ಅವನ ಶೋಕ ತೀರಲಿಲ್ಲ. ಅವರೂ ಅದೇ ಯುದ್ಧದಲ್ಲಿ ಮಕ್ಕಳನ್ನು ಕಳೆದುಕೊಂಡವರು, ಅದೇ ನೋವಿನಲ್ಲಿ ಪಾಲುದಾರರು. ವೇದವ್ಯಾಸರು ಅವನಿಗೆ ಬಗೆಬಗೆಯಾಗಿ ಸಮಾಧಾನ ಹೇಳಿದ್ದಲ್ಲದೆ, ಭೀಷ್ಮರ ಬಳಿಗೆ ಹೋಗಿ ಕೇಳುವಂತೆ ದಾರಿ ತೋರಿದರು. ಶ್ರೀಕೃಷ್ಣನೇ ಅವನನ್ನು ಕರೆದೊಯ್ದನು. ಶರಶಯ್ಯೆಯಲ್ಲಿದ್ದ ಭೀಷ್ಮರು ನೋವಿನಿಂದ ತಮಗೆ ಮಾತನಾಡಲಾಗದು ಎಂದಾಗ, ಆ ನೋವನ್ನು ಪರಿಹರಿಸಿ ಬುದ್ಧಿಯನ್ನು ತಿಳಿಯಾಗಿಸಿದವನೂ ಕೃಷ್ಣನೇ.

ಸರ್ವಜ್ಞನಾದ ಕೃಷ್ಣನೇ ಎದುರಿಗಿರುವಾಗ ಭೀಷ್ಮರ ಬಳಿಗೇಕೆ ಹೋಗಬೇಕಿತ್ತು? ಹೋಗುವುದು ಕೃಷ್ಣನಿಗೆ ಸಮ್ಮತವಾಗಿತ್ತು ಎಂಬುದಷ್ಟೇ ಇಲ್ಲಿ ನಮಗೆ ಮುಖ್ಯ. ದೇವರನ್ನು ನಂಬುವುದಕ್ಕೂ ತಿಳಿದವರನ್ನು ಕೇಳುವುದಕ್ಕೂ ವಿರೋಧವಿಲ್ಲವೆಂದು ಆ ಪ್ರಸಂಗ ಸಾರುತ್ತದೆ. ಬಂಧುಗಳ ಪ್ರೀತಿ ಬೇಕೇ ಬೇಕು. ಆದರೆ ಆ ಪ್ರೀತಿಗೆ ಆತುರವಿದೆ, ಭಯವಿದೆ, ಬೇಗ ಮೊದಲಿನಂತಾಗು ಎಂಬ ಒತ್ತಾಯವಿದೆ. ಕಲಿತ ಸಮಾಲೋಚಕನಿಗೆ ಆ ಆತುರವಿಲ್ಲ. ನಾವು ಹೇಳಿದ್ದರಿಂದ ಅವನ ಮನೆಯಲ್ಲಿ ಜಗಳವಾಗದು, ಮುಂದಿನ ಉಪನಯನದ ಪಂಕ್ತಿಯಲ್ಲಿ ಆ ಮಾತು ಹೊರಬೀಳದು.

ದೇವಾಲಯದ ಆಸರೆ, ಅದರ ಮೇರೆ

ಹಾಗಾದರೆ ಸೇವೆ, ಜಪ, ಕ್ಷೇತ್ರವಾಸಗಳಿಂದ ಪ್ರಯೋಜನವಿಲ್ಲವೆ? ಖಂಡಿತ ಇದೆ. ಮೇಲೆ ಹೇಳಿದ ರಘುರಾಮ್ ಅವರೇ ಸಂಗಡಿಗರೊಡನೆ ತಮಿಳುನಾಡಿನ ಒಂದು ಗ್ರಾಮದೇವಾಲಯದಲ್ಲಿ ನೆಲೆಸಿದ್ದ ಮಾನಸಿಕ ಅಸ್ವಸ್ಥರನ್ನು ಪರಿಶೀಲಿಸಿ 2002ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪತ್ರಿಕೆಯಲ್ಲಿ ಬರೆದರು. ಅಲ್ಲಿದ್ದವರು 31 ಮಂದಿ; ಸರಾಸರಿ ವಾಸ ಸುಮಾರು 6 ವಾರ. ಮನೆಯವರೊಬ್ಬರು ಜೊತೆಗಿದ್ದರು, ಬೆಳಗಿನ ಪೂಜೆ, ಗುಡಿಯ ಸಣ್ಣಪುಟ್ಟ ಕೆಲಸ, ಯಾರೂ ಹೀಯಾಳಿಸದ ವಾತಾವರಣ. ಇಷ್ಟರಿಂದಲೇ ಅವರ ರೋಗಲಕ್ಷಣಗಳು ಐದರಲ್ಲಿ ಒಂದು ಪಾಲಿನಷ್ಟು ತಗ್ಗಿದುವು. ಸಂಖ್ಯೆ ಚಿಕ್ಕದು, ಹೋಲಿಸಿ ನೋಡಲು ಮತ್ತೊಂದು ಗುಂಪಿರಲಿಲ್ಲ. ಆದರೂ ಅಕ್ಕರೆಯ ನೆರಳಿಗೆ ಗುಣಪಡಿಸುವ ಶಕ್ತಿಯುಂಟೆಂಬುದಕ್ಕೆ ಇದು ಸಾಕ್ಷಿ.

ಅದೇ ತಮಿಳುನಾಡಿನ ಏರವಾಡಿಯಲ್ಲಿ 2001ರ ಆಗಸ್ಟ್ 6ರಂದು ನಡೆದುದು ಇದರ ಇನ್ನೊಂದು ಮುಖ. ಅಲ್ಲಿನ ದರ್ಗಾದಲ್ಲಿ ಗುಣವಾಗುವುದೆಂಬ ನಂಬಿಕೆಯಿಂದ ತಂದುಬಿಟ್ಟಿದ್ದ ರೋಗಿಗಳನ್ನು ಖಾಸಗಿ ಆಶ್ರಯಗಳಲ್ಲಿ ಸರಪಳಿಯಿಂದ ಬಿಗಿದಿದ್ದರು. ಒಂದು ಆಶ್ರಯಕ್ಕೆ ಬೆಂಕಿ ತಗುಲಿದಾಗ ಕಟ್ಟಿಹಾಕಿದ್ದವರು ಓಡಲಾರದೆ 28 ಮಂದಿ ಸುಟ್ಟು ಸತ್ತರು. ಯಾವ ಮತದ ಕ್ಷೇತ್ರವಾದರೂ ಇಲ್ಲಿನ ಪಾಠ ಒಂದೇ. ನಂಬಿಕೆಯು ಚಿಕಿತ್ಸೆಗೆ ಜೊತೆಯಾದರೆ ಅಮೃತ. ಚಿಕಿತ್ಸೆಯನ್ನು ಹೊರಗಟ್ಟಿದರೆ ಅಪಾಯ. ತಿರುಚಿರಾಪಳ್ಳಿಯ ಸಮೀಪದ ಗುಣಶೀಲಂ ಕ್ಷೇತ್ರದಲ್ಲಿ ಪ್ರಸನ್ನ ವೆಂಕಟಾಚಲಪತಿಯ ಸನ್ನಿಧಿಯಲ್ಲಿ 48 ದಿನ ನಿಲ್ಲುವ ಪದ್ಧತಿಯಿದೆ; ಅಲ್ಲಿ ದೇವಾಲಯಕ್ಕೆ ಹೊಂದಿಕೊಂಡಂತೆ ಪುನರ್ವಸತಿ ಕೇಂದ್ರವನ್ನೂ ನಡೆಸಲಾಗಿದೆ, ಮನೋವೈದ್ಯರೂ ಬಂದು ನೋಡುತ್ತಾರೆ. ತೀರ್ಥವೂ ಮಾತ್ರೆಯೂ ಒಂದೇ ಅಂಗೈಯಲ್ಲಿ ಇರಬಲ್ಲವು.

ಯಾರ ಬಳಿಗೆ, ಹೇಗೆ?

ನಮ್ಮ ದೇಶದ 12 ರಾಜ್ಯಗಳಲ್ಲಿ 2015–16ರಲ್ಲಿ ನಿಮ್ಹಾನ್ಸ್ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಂತೆ ವಯಸ್ಕರಲ್ಲಿ ಶೇ. 10.6ರಷ್ಟು ಮಂದಿಗೆ ಒಂದಿಲ್ಲೊಂದು ಮಾನಸಿಕ ಅಸ್ವಸ್ಥತೆಯಿತ್ತು. ಮಹಾನಗರಗಳಲ್ಲಿ ಈ ಪ್ರಮಾಣ ಹಳ್ಳಿಗಳಿಗಿಂತ ಹೆಚ್ಚು. ಚಿಕಿತ್ಸೆ ದೊರೆಯದೆ ಉಳಿದವರ ಪ್ರಮಾಣ, ರೋಗಕ್ಕೆ ತಕ್ಕಂತೆ, ಶೇ. 70ರಿಂದ 92. ಅಂದರೆ ಈ ಲೇಖನವನ್ನು ಓದುತ್ತಿರುವವರ ಕಟ್ಟಡದಲ್ಲಿಯೇ ಅಂತಹವರು ಇದ್ದಾರೆ, ಯಾರ ಬಳಿಗೂ ಹೋಗಿಲ್ಲ.

ಹೋಗಬೇಕಾದ ದಾರಿ ಕಠಿನವಲ್ಲ. ಮೊದಲು ಮನೆಯ ವೈದ್ಯರಿಗೆ ಹೇಳಬಹುದು. ಮಾತುಕತೆಯಿಂದ ದಾರಿ ತೋರುವವರು ಆಪ್ತಸಮಾಲೋಚಕರು ಮತ್ತು ಮನಃಶಾಸ್ತ್ರಜ್ಞರು. ಔಷಧ ಬರೆಯಬಲ್ಲವರು ಮನೋವೈದ್ಯರು. ಯಾರು ಬೇಕೆಂಬುದನ್ನು ಮೊದಲ ಭೇಟಿಯಲ್ಲಿ ಅವರೇ ತಿಳಿಸುತ್ತಾರೆ. ಪಶ್ಚಿಮ ವಿಲೆ ಪಾರ್ಲೆಯ ಕೂಪರ್ ಆಸ್ಪತ್ರೆಯಂತಹ ಮಹಾನಗರಪಾಲಿಕೆಯ ದೊಡ್ಡ ಆಸ್ಪತ್ರೆಗಳಲ್ಲಿ ಮನೋವೈದ್ಯ ವಿಭಾಗವುಂಟು. 2022ರ ಅಕ್ಟೋಬರ್ 10ರಂದು ಕೇಂದ್ರ ಸರಕಾರವು ಆರಂಭಿಸಿದ ಟೆಲಿ-ಮಾನಸ್ ಸೇವೆಯ ಸಂಖ್ಯೆ 14416. ಹಗಲಿರುಳೂ ತೆರೆದಿರುವ, ಶುಲ್ಕವಿಲ್ಲದ ಈ ಸೇವೆಯಲ್ಲಿ ಕನ್ನಡವನ್ನೂ ಆರಿಸಿಕೊಳ್ಳಬಹುದು. ಮುಂಬಯಿಯ ನಮಗೆ ಇದು ಸಣ್ಣ ಮಾತಲ್ಲ. ಕಚೇರಿಯಲ್ಲಿ ಇಂಗ್ಲಿಷು, ಮಾರುಕಟ್ಟೆಯಲ್ಲಿ ಮರಾಠಿ, ರೈಲಿನಲ್ಲಿ ಹಿಂದಿ ಆಡಿ ದಿನ ಕಳೆಯುವವನೂ ಅಳುವಾಗ ಅವ್ವನ ಮಾತಿನಲ್ಲಿಯೇ ಅಳುತ್ತಾನೆ. ಬೇರೆ ಭಾಷೆಯಲ್ಲಿ ಸಂಕಟವನ್ನು ಹೇಳುವಾಗ ಅರ್ಧ ಒಳಗೇ ಉಳಿಯುತ್ತದೆ.

1901ರಲ್ಲಿ ಸ್ಥಾಪಿತವಾದ ಠಾಣೆಯ ಮಾನಸಿಕ ಆಸ್ಪತ್ರೆಯ ಹೆಸರನ್ನು ಹಾಸ್ಯಕ್ಕೆ ಬಳಸುವ ಚಾಳಿ ಈ ನಗರದಲ್ಲಿ ಹಳೆಯದು. ಕಾನೂನು ಆ ಹಾಸ್ಯವನ್ನು ದಾಟಿ ಮುಂದೆ ಬಂದಿದೆ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯಿದೆಯು 2018ರ ಮೇ 29ರಿಂದ ಜಾರಿಯಲ್ಲಿದೆ. ರೋಗಿಯ ವಿವರಗಳನ್ನು ಗುಟ್ಟಾಗಿಡಬೇಕೆಂದೂ, ದೇಹರೋಗಗಳಿಗೆ ದೊರೆಯುವ ವಿಮಾ ಸೌಲಭ್ಯ ಮನೋರೋಗಗಳಿಗೂ ದೊರೆಯಬೇಕೆಂದೂ ಅದು ವಿಧಿಸುತ್ತದೆ. ಪ್ರಾಣ ಕಳೆದುಕೊಳ್ಳಲು ಯತ್ನಿಸಿದವನನ್ನು ತೀವ್ರ ಒತ್ತಡಕ್ಕೆ ಒಳಗಾದವನೆಂದೇ ಭಾವಿಸಬೇಕು, ಅವನಿಗೆ ಆರೈಕೆ ನೀಡಬೇಕು ಎಂದೂ ಹೇಳುತ್ತದೆ. ಹಿಂದೆ ಅಪರಾಧವೆನಿಸಿದ್ದುದನ್ನು ಇಂದು ರಾಜ್ಯವೇ ಸಂಕಟವೆಂದು ಕಾಣುವಾಗ, ಧರ್ಮವನ್ನರಿತವರು ಹಿಂದೆ ಬೀಳಬಾರದು.

ಒಂದು ದಿನ ಹೋಗಿ ಬಂದರೆ ಸಾಲದೆಂಬುದನ್ನೂ ಹೇಳಬೇಕು. ಧೃತರಾಷ್ಟ್ರನು ನಿದ್ರೆ ಬಾರದ ರಾತ್ರಿ ವಿದುರನನ್ನು ಕರೆಸಿ ಇರುಳೆಲ್ಲ ನೀತಿಯನ್ನು ಕೇಳಿದ, ಕೇಳಿದ್ದನ್ನು ಆಚರಿಸಲಿಲ್ಲ. ಖಿನ್ನತೆಯ ಔಷಧಗಳು ಗುಣ ತೋರಲು ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರ ಬೇಕು. ಸ್ವಲ್ಪ ಹಗುರವಾದೊಡನೆ ತಾವಾಗಿ ನಿಲ್ಲಿಸಬಾರದು. ಏಕಾದಶಿಯಂದೂ ವೈದ್ಯರನ್ನು ಕೇಳದೆ ಮಾತ್ರೆ ಬಿಡತಕ್ಕದ್ದಲ್ಲ. ವಿಶೇಷವಾಗಿ ಲಿಥಿಯಂ ಔಷಧ ತೆಗೆದುಕೊಳ್ಳುವವರು ನಿರ್ಜಲ ಉಪವಾಸ ಮಾಡಿದರೆ ದೇಹದಲ್ಲಿ ನೀರು ತಗ್ಗಿ ರಕ್ತದಲ್ಲಿ ಆ ಔಷಧ ವಿಷದ ಮಟ್ಟಕ್ಕೆ ಏರಬಹುದು. ರೋಗಿಗಳಿಗೆ ವ್ರತನಿಯಮಗಳಲ್ಲಿ ಸಡಿಲಿಕೆಯಿದೆ. ಅದನ್ನು ಸಂಕೋಚವಿಲ್ಲದೆ ಪಡೆಯಬೇಕು.

ಮನೆಯವರ ಧರ್ಮ

ಕುಗ್ಗಿದವನಿಗೆ ತನ್ನ ಕುಗ್ಗುವಿಕೆ ತಾನಾಗಿ ಕಾಣದೆ ಹೋಗಬಹುದು. ಆದ್ದರಿಂದ ಗುರುತಿಸುವ ಹೊಣೆಯಲ್ಲಿ ಮನೆಯವರಿಗೂ ಪಾಲುಂಟು. ಮಕ್ಕಳು ಪರದೇಶದಲ್ಲಿದ್ದು ಇಬ್ಬರೇ ಉಳಿದ ವೃದ್ಧರು, ಹೊಸದಾಗಿ ಊರಿನಿಂದ ಬಂದ ಸೊಸೆ, ಹೆರಿಗೆಯಾದ ತಾಯಿ, ಗಲ್ಲಾದ ಹಿಂದೆ ಸಾಲದ ಲೆಕ್ಕ ಬಚ್ಚಿಟ್ಟುಕೊಂಡ ಹೋಟೆಲು ಮಾಲಿಕ, ಅಂಕಗಳ ಭಯದಲ್ಲಿ ಊಟ ಬಿಟ್ಟ ವಿದ್ಯಾರ್ಥಿ, ಇವರ ಮೇಲೆ ವಿಶೇಷ ಗಮನವಿರಲಿ. ‘ಧೈರ್ಯ ತಂದುಕೊ’ ಎಂದು ಹೇಳುವ ಮೊದಲು ‘ಏನಾಗುತ್ತಿದೆ, ಹೇಳು’ ಎಂದು ಕೇಳಿ, ಉತ್ತರ ಬರುವವರೆಗೆ ಸುಮ್ಮನೆ ಕೂರುವುದನ್ನು ಕಲಿಯೋಣ. ಸಾಯುವ ಯೋಚನೆ ಬರುತ್ತಿದೆಯೆ ಎಂದು ನೇರವಾಗಿ ಕೇಳಿದರೆ ಆ ಯೋಚನೆಯನ್ನು ತಲೆಗೆ ತುಂಬಿದಂತಾಗದು. ಹೇಳಿಕೊಳ್ಳಲು ಬಾಗಿಲು ತೆರೆದಂತಾಗುತ್ತದೆ. ಅಪರಾಧ ದಾಖಲೆಗಳ ರಾಷ್ಟ್ರೀಯ ಕೇಂದ್ರದ ವರದಿಯಂತೆ 2022ರಲ್ಲಿ ನಮ್ಮ ದೇಶದಲ್ಲಿ 1,70,924 ಮಂದಿ ತಮ್ಮ ಪ್ರಾಣವನ್ನು ತಾವೇ ಕಳೆದುಕೊಂಡರು. ರಾಜ್ಯಗಳಲ್ಲಿ ಮಹಾರಾಷ್ಟ್ರದ್ದೇ ಅತಿ ಹೆಚ್ಚಿನ ಸಂಖ್ಯೆ. ಅಂತಹ ಮಾತು ಯಾರ ಬಾಯಿಂದ ಬಂದರೂ ಬೆದರಿಕೆಯೆಂದು ತಳ್ಳಿಹಾಕದೆ, ಅವರನ್ನು ಒಂಟಿಯಾಗಿ ಬಿಡದೆ, ಅಂದೇ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಧರ್ಮರಾಜನಿಗೆ ಭೀಷ್ಮರ ಹೆಸರನ್ನು ಹೇಳಿ ಸುಮ್ಮನಾಗದೆ ಕೃಷ್ಣನು ಜೊತೆಗೇ ಹೋದನೆಂಬುದು ನೆನಪಿರಲಿ.

ಸಹಿಸುವುದು ಧರ್ಮ, ನಿಜ. ಸಹಿಸುವ ಶಕ್ತಿಯನ್ನು ಕಾಪಾಡಿಕೊಳ್ಳುವುದೂ ಧರ್ಮವೇ. ನಿದ್ರೆ, ರುಚಿ, ಕಾರ್ಯಶಕ್ತಿ, ಪ್ರೀತಿ, ಈ ನಾಲ್ಕರಲ್ಲಿ ಯಾವುದು ನಮ್ಮ ಮನೆಯಲ್ಲಿ ಯಾರನ್ನು ಬಿಟ್ಟುಹೋಗಿದೆ, ಎಷ್ಟು ದಿನಗಳಿಂದ ಎಂದು ಇಂದು ರಾತ್ರಿಯ ಊಟದ ಹೊತ್ತಿಗೆ ಪ್ರತಿಯೊಬ್ಬರೂ ಒಮ್ಮೆ ನೋಡಲಿ. ಎರಡು ವಾರ ಮೀರಿದ್ದರೆ, ನಾಳೆ ಮಾಡಬೇಕಾದ ಕೆಲಸ ಯಾವುದೆಂದು ಬೇರೆ ಹೇಳಬೇಕಾಗಿಲ್ಲ.